ನಾಲಿಗೆಯ ಅಂಚಿನ ನೀಲಿ

"ಇದು ಯಾರ ರಕ್ತ?"

ಕೇಳಿದವಳು ಅವಳೇ. ಉತ್ತರ ಹೇಳಲು ಮಹಡಿಯ ಮೇಲಿನ ಆ ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಲಿಯುವವರೆಲ್ಲ ಊಟಕ್ಕೆ ಇಳಿದು ಹೋಗಿದ್ದರು. ಯಂತ್ರಗಳು ಅರ್ಧ ಹೊಲಿದ ತೋಳುಗಳನ್ನು ಕಚ್ಚಿಕೊಂಡು ಸುಮ್ಮನೆ ನಿಂತಿದ್ದವು. ಅವಳ ತೊಡೆಯ ಮೇಲೆ ಹರಡಿದ್ದ ಬಿಳಿ ಕೋಟಿನ ಎದೆಭಾಗದಲ್ಲಿ, ಮೇಲಿನ ಗುಂಡಿಯ ಕಾಜಾದ ಪಕ್ಕಕ್ಕೆ, ಸಾಸಿವೆಯಷ್ಟು ಕೆಂಪು.

ಅದು ಯೂನಿಫಾರ್ಮ್ ಹೊಲಿಯುವ ಅಂಗಡಿ. ಆಸ್ಪತ್ರೆಯ ಕೋಟು, ನರ್ಸುಗಳ ಉಡುಪು, ಕಾವಲುಗಾರರ ಅಂಗಿ. ಯಂತ್ರಕ್ಕೆ ಒಗ್ಗದ ಕೈಕೆಲಸವೆಲ್ಲ ಅವಳದು: ಕಾಜಾ ಹೆಣೆಯುವುದು, ಗುಂಡಿ ಹಚ್ಚುವುದು, ಅಂಚು ಮಡಚಿ ಹೊಲಿಯುವುದು. ಬೆಳಗಿನಿಂದ ಸಂಜೆಯವರೆಗೆ ತಲೆ ಬಗ್ಗಿಸಿ ಕೂತವಳ ತುಟಿಗಳ ನಡುವೆ ಸದಾ ಗುಂಡುಪಿನ್ನುಗಳ ಸಾಲು. ಆ ಹೆಸರೇ ಅವಳಿಗೂ ಅಂಟಿಕೊಂಡಿತ್ತು. ಗುಂಡುಪಿನ್ನು ಎಂದು ಕರೆದರೆ ಅವಳು ಕೋಪಿಸಿಕೊಳ್ಳುತ್ತಿರಲಿಲ್ಲ. ಮಾತು ಕಡಿಮೆ ಇದ್ದವಳಿಗೆ ಬಾಯ್ತುಂಬ ಪಿನ್ನಿರುವುದು ಒಂದು ಅನುಕೂಲವೇ ಆಗಿತ್ತು.

ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. ಎಲ್ಲೂ ಚುಚ್ಚಿರಲಿಲ್ಲ. ಆದರೂ ಕೈ ತಾನಾಗಿ ಅಭ್ಯಾಸದ ದಾರಿ ಹಿಡಿಯಿತು. ಬಟ್ಟೆಗೆ ರಕ್ತ ತಾಗಿದರೆ ಹೊಲಿಗೆಯವರು ನೀರಿಗೆ ಓಡುವುದಿಲ್ಲ. ಒಂದು ಗೇಣು ಬಿಳಿ ದಾರವನ್ನು ಬಾಯಿಗೆ ಹಾಕಿ ಜಗಿದು, ಆ ಒದ್ದೆ ಉಂಡೆಯಿಂದ ಕಲೆಯನ್ನು ಮೆಲ್ಲಗೆ ಒತ್ತುತ್ತಾರೆ. ಯಾರ ರಕ್ತವೋ ಅವರದೇ ಎಂಜಲಾಗಬೇಕು, ಬೇರೆಯವರದು ನಡೆಯದು ಎಂದು ಅವರ ನಂಬಿಕೆ.

ಅವಳು ದಾರ ಜಗಿದಳು, ಒತ್ತಿದಳು. ಕಲೆ ಹೋಗಲಿಲ್ಲ, ಹರಡಿತು. ಮತ್ತೆ ಒತ್ತಿದಳು. ಸಾಸಿವೆಯಷ್ಟಿದ್ದದ್ದು ಗುಂಡಿಯಷ್ಟಾಯಿತು. ಆಗ ಅವಳು ಬೆರಳ ತುದಿಯಲ್ಲಿದ್ದ ದಾರದ ಉಂಡೆಯನ್ನು ನೋಡಿದಳು. ಕಲೆ ತೆಗೆಯಬೇಕಾದ ಎಂಜಲೇ ಕೆಂಪಾಗಿತ್ತು.

ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಕನ್ನಡಿಯ ಮುಂದೆ ಬಾಯಿ ತೆರೆದಳು. ನಾಲಿಗೆಯ ಎಡ ಅಂಚಿನಲ್ಲಿ ಅದು ಇತ್ತು. ಅದಿದೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕಂದಿನಲ್ಲಿ ಶಾಯಿ ತಾಗಿದಂತಿದ್ದ ಒಂದು ನೀಲಿ ಚುಕ್ಕೆ. ಕಳೆದ ವರ್ಷದಿಂದ ಉಬ್ಬುತ್ತಾ ಬಂದು ಈಗ ಮಾಗಿದ ದ್ರಾಕ್ಷಿಯಂತಾಗಿತ್ತು. ಅದರ ನೆತ್ತಿಯ ಮೇಲೆ, ಪಿನ್ನು ತಾಗಿದ ಕಡೆ, ಒಂದು ಹನಿ ರಕ್ತ ನಿಂತು ಅವಳನ್ನೇ ನೋಡುತ್ತಿತ್ತು.

ಅಪ್ಪನದೂ ನಾಲಿಗೆಯ ಅಂಚಿನಲ್ಲೇ ಶುರುವಾಗಿತ್ತು.

ಅವಳ ಅಪ್ಪ ಬಸ್ ಕಂಡಕ್ಟರ್. ಹಗಲೆಲ್ಲ ಊರ ಹೆಸರು ಕೂಗಿ ಕೂಗಿ ಸವೆದ ಗಂಟಲು, ಸಂಜೆ ಮುಖ ತೊಳೆದು ಪುಸ್ತಕ ಬಿಡಿಸಿದರೆ ಬೇರೆಯದೇ ಆಗುತ್ತಿತ್ತು. ಪದ್ಯವನ್ನು ಅವರು ಓದುತ್ತಿರಲಿಲ್ಲ, ಹಾಡುತ್ತಲೂ ಇರಲಿಲ್ಲ. ಎರಡರ ನಡುವಿನ ಯಾವುದೋ ಒಂದು ಎತ್ತರದಲ್ಲಿ ನಿಲ್ಲಿಸುತ್ತಿದ್ದರು. ಗೋಡೆಗೆ ಒರಗಿ ಕೂತ ಮಗುವಿಗೆ ಅರ್ಥ ಆಗುತ್ತಿರಲಿಲ್ಲ. ದೇವರು ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದಾನೆ ಎಂಬುದಷ್ಟೇ ಖಾತ್ರಿ ಇರುತ್ತಿತ್ತು. ಆಮೇಲೆ ಆ ನಾಲಿಗೆಯಲ್ಲಿ ಒಂದು ಹುಣ್ಣು ಬಂತು. ಪರೀಕ್ಷೆಗೆಂದು ಒಂದು ಚೂರು ಕತ್ತರಿಸಿದರು. ಆಮೇಲೆ ಅರ್ಧ. ಆಮೇಲೆ ಉಳಿದದ್ದು. ಕೊನೆಯ ತಿಂಗಳುಗಳಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಅವರು ತುಟಿ ಆಡಿಸುತ್ತಿದ್ದರು, ಅಮ್ಮ ಪಕ್ಕದಲ್ಲಿ ಕೂತು ಅವರ ಬದಲಿಗೆ ಗಟ್ಟಿಯಾಗಿ ಓದುತ್ತಿದ್ದಳು. ಓದಿ ಮುಗಿಸಿ ಎದ್ದು, ಮಂಚದ ಕೆಳಗಿನ ಬೋಗುಣಿಯನ್ನು ಮೂಗು ಮುಚ್ಚದೆ ತೊಳೆಯಲು ಹೋಗುತ್ತಿದ್ದಳು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಅವಳು ಬಾಯಿ ಮುಚ್ಚಿ, ನಾಲ್ಕು ಪಿನ್ನು ಕಚ್ಚಿಕೊಂಡು ಹೊರಗೆ ಬಂದಳು.

ಬಂದವನು ಕಟಿಂಗ್ ಮಾಸ್ಟರ್. ಕುತ್ತಿಗೆಯಲ್ಲಿ ಟೇಪು, ಕಿವಿಯ ಮೇಲೆ ಚಾಕ್ ತುಂಡು, ಕಣ್ಣಲ್ಲಿ ಯಾರನ್ನಾದರೂ ಛೇಡಿಸಲು ಕಾದಿರುವ ನಗು. ಕೋಟು ನೋಡಿದ, ಅವಳನ್ನು ನೋಡಿದ. ನಗು ಸ್ವಲ್ಪ ಹಿಂದಕ್ಕೆ ಸರಿಯಿತು.

"ಎಲ್ಲಿ ಚುಚ್ಕೊಂಡೆ? ಕೈ ತೋರಿಸು."

ಅವಳು ಕೊಡುವ ಮೊದಲೇ ಕೈ ಹಿಡಿದು ಕಿಟಕಿಯ ಬೆಳಕಿಗೆ ಒಯ್ದ. ಒಂದೊಂದೇ ಬೆರಳನ್ನು ಹಗುರಾಗಿ ತಿರುಗಿಸಿದ. ಬಟ್ಟೆಯ ನೇಯ್ಗೆ ನೋಡುವಾಗ ಅವನಿಗೆ ಇರುತ್ತಿದ್ದ ತಾಳ್ಮೆಯೇ ಈಗಲೂ. ಸೂಜಿ ತಿಂದು ಒರಟಾದ ತುದಿಗಳ ಮೇಲೆ ಅವನ ಹೆಬ್ಬೆರಳು ನಿಧಾನವಾಗಿ ಹಾದುಹೋಗುವಾಗ ಅವಳಿಗೆ ಉಸಿರು ಎಲ್ಲಿಡುವುದೋ ತಿಳಿಯಲಿಲ್ಲ.

"ಗಾಯವೇ ಇಲ್ಲವಲ್ಲ," ಎಂದ. "ಕೋಟಿಗೇ ಏನಾದ್ರೂ ಏಟು ಬಿತ್ತಾ?"

ಪಿನ್ನಿನ ಸಂದಿಯಿಂದ ನಗು ನುಸುಳಿತು. ಅವನು ಅವಳ ಡಬ್ಬಿಯಿಂದ ದಾರ ಮುರಿದು ತಾನೇ ಜಗಿದು ಕಲೆಗೆ ಒತ್ತತೊಡಗಿದ. ಅದು ಜಗ್ಗಲಿಲ್ಲ. ನಿನ್ನ ರಕ್ತಕ್ಕೂ ನಿನ್ನಷ್ಟೇ ಹಟ, ನಾನು ಹೇಳಿದ್ದು ಕೇಳಲ್ಲ ಎಂದು ಗೊಣಗಿ, ಎದೆಭಾಗವನ್ನೇ ಬಿಚ್ಚಿ ಬೇರೆ ಬಟ್ಟೆ ಕತ್ತರಿಸಲು ಮೇಜಿನ ಕಡೆ ನಡೆದ. ಅಂಗಡಿಯ ಯಜಮಾನಿ ಮೇಲೆ ಬರುವ ಮುನ್ನ ಕೆಲಸ ಮುಗಿಯಬೇಕಿತ್ತು.

ಅವನ ಕುತ್ತಿಗೆಯ ಹಿಂಭಾಗ ಅವಳಿಗೆ ಕಾಣುತ್ತಿತ್ತು. ಅಲ್ಲಿ ಹಿಂದೆ ಒಂದು ನರಹುಲಿ ಇತ್ತು, ಕಾಲರು ಉಜ್ಜಿ ಉಜ್ಜಿ ಕಾಡುತ್ತಿದ್ದದ್ದು. ಹೋದ ವರ್ಷ ಅವನು ಸ್ಟೂಲಿನ ಮೇಲೆ ಕೂತು, ಗುಂಡಿ ಹಚ್ಚೋದು ಗೊತ್ತು, ಗುಂಡಿ ಕೀಳೋದೂ ಗೊತ್ತಿದ್ಯಾ ಎಂದು ಕೇಳಿದಾಗ, ಕಾಜಾದ ರೇಷ್ಮೆ ದಾರದಿಂದ ಅದರ ಬುಡಕ್ಕೆ ಬಿಗಿಯಾಗಿ ಕಟ್ಟಿದವಳು ಅವಳೇ. ದಾರ ಕಚ್ಚಿ ತುಂಡರಿಸಲು ಬಗ್ಗಿದಾಗ ಅವಳ ಉಸಿರು ಅವನ ಕಿವಿಗೆ ತಾಗಿ, ಅಷ್ಟು ಮಾತಿನ ಗಂಡಸು ಆ ಮಧ್ಯಾಹ್ನವೆಲ್ಲ ಮೂಕನಾಗಿದ್ದ. ನರಹುಲಿ ಒಣಗಿ ಉದುರಿತು. ಅದು ಇದ್ದ ಜಾಗವನ್ನು ಅವನು ಈಗಲೂ ಯೋಚಿಸುವಾಗ ಸವರಿಕೊಳ್ಳುತ್ತಾನೆ. ಈಗಲೂ ಸವರಿಕೊಳ್ಳುತ್ತಿದ್ದ.

"ನಾನು ಪ್ರತಿ ಬಟ್ಟೆಗೂ ಒಳಗೆ ಮಾರ್ಜಿನ್ ಬಿಡ್ತೀನಿ," ಎಂದ, ಬೆನ್ನು ತಿರುಗಿಸಿಕೊಂಡೇ. "ಯಜಮಾನಿ ಬೈತಾರೆ, ಬಟ್ಟೆ ದಂಡ ಅಂತ. ನಾಳೆ ಮೈ ಹೇಗಿರುತ್ತೋ ಯಾರಿಗೆ ಗೊತ್ತು, ಬಿಚ್ಚಿ ಹೊಲಿಯೋಕೆ ಜಾಗ ಬೇಕಲ್ವಾ. ನನ್ನ ಬದುಕಿನಲ್ಲೂ ಅಷ್ಟು ಜಾಗ ಬಿಟ್ಕೊಂಡಿದ್ದೀನಿ, ಗುಂಡುಪಿನ್ನು. ನೀನು ಬರೋದಾದ್ರೆ."

ಕತ್ತರಿ ನಿಂತಿತು. ಅವನು ತಿರುಗಲಿಲ್ಲ. ತಿರುಗಿದ್ದರೆ ಅವಳ ಮುಖದಲ್ಲಿ ಉತ್ತರ ಸಿಗುತ್ತಿತ್ತು. ಎಷ್ಟೋ ಕಾಲದಿಂದ ಆ ಮಾತಿಗೆ ಕಾದವಳು ಅವಳು. ಆದರೆ ಬಾಯಲ್ಲಿ ಉಪ್ಪಿನ ರುಚಿ ಇತ್ತು, ರಕ್ತದ್ದು. ಬೋಗುಣಿ ಹಿಡಿದ ಅಮ್ಮನ ಕೈ ನೆನಪಾಯಿತು. ಆ ಕೈಯ ಜಾಗದಲ್ಲಿ ಇವನ ಕೈ, ಚಾಕಿನ ಪುಡಿ ಮೆತ್ತಿದ ಈ ಉದ್ದ ಬೆರಳುಗಳು.

ಪಿನ್ನುಗಳನ್ನು ಒಂದೊಂದಾಗಿ ತೆಗೆದು ಕುಶನ್ನಿಗೆ ಚುಚ್ಚಿದಳು.

"ನಿಮ್ಮ ಮೇಲೆ ನನಗೆ ಅಂಥದ್ದೇನೂ ಇಲ್ಲ, ಮಾಸ್ಟ್ರೇ."

ಅಷ್ಟು ನೆಟ್ಟಗೆ ಅವಳು ಯಾವ ಮಾತನ್ನೂ ಹೇಳಿದ್ದಿಲ್ಲ. ಅವನು ಸರಿ ಎಂದು, ಕತ್ತರಿ ನಿಂತಲ್ಲಿಂದಲೇ ಮುಂದಕ್ಕೆ ಕತ್ತರಿಸತೊಡಗಿದ. ಗೆರೆ ಸ್ವಲ್ಪವೂ ಕೊಂಕಲಿಲ್ಲ.

ಆಮೇಲೆ ಅಂಗಡಿಯಲ್ಲಿ ನಗು ಇಂಗಿಹೋಯಿತು. ಮಾಸ್ಟರು ಯಾರನ್ನೂ ಛೇಡಿಸಲಿಲ್ಲ, ಹಾಡು ಗುನುಗಲಿಲ್ಲ. ಅವಳನ್ನು ಗುಂಡುಪಿನ್ನು ಎನ್ನುವುದನ್ನೂ ಬಿಟ್ಟ. ಕರೆಯಬೇಕಾದಾಗ ಮೇಜು ತಟ್ಟುತ್ತಿದ್ದ. ಹೊಲಿಯುವವರು ಮುಖ ಮುಖ ನೋಡಿಕೊಂಡರು. ಬೇರೆ ಊರಿನ ದೊಡ್ಡ ಕಾರ್ಖಾನೆಯೊಂದಕ್ಕೆ ಅವನನ್ನು ಕರೆದಿದ್ದಾರೆ, ತಿಂಗಳು ಮುಗಿದ ಮೇಲೆ ಹೊರಡುತ್ತಾನೆ ಎಂದು ಯಜಮಾನಿಯೇ ಒಂದು ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಹೇಳಿದಳು.

ಅವಳು ದಿನವೂ ಪ್ರಾರ್ಥಿಸುತ್ತಿದ್ದಳು. ವಾಸಿ ಮಾಡು ಎಂದಲ್ಲ. ಅಪ್ಪನಿಗಾಗಿ ಹಾಗೆ ಕೇಳಿ ಕೇಳಿ ಆ ಬಾಗಿಲು ತೆರೆಯುವುದಿಲ್ಲ ಎಂದು ಕಂಡುಕೊಂಡಿದ್ದಳು. ನನ್ನ ಬಾಯಿ ನಾರುವ ಮುಂಚೆ ಮಾಸ್ಟರು ಈ ಊರು ಬಿಟ್ಟು ಹೋಗಲಿ, ಎಂದಷ್ಟೇ ಬೇಡುತ್ತಿದ್ದಳು. ದೇವರು ಈ ಸಲ ಬೇಗ ಕೇಳಿಸಿಕೊಂಡ ಹಾಗಿತ್ತು. ಅದಕ್ಕೂ ಅವಳಿಗೆ ಅಳು ಬಂತು.

ಅಮ್ಮನಿಗೆ ಹೇಳಲಿಲ್ಲ. ಊಟ ಬಲಗಡೆಯಿಂದ ಅಗಿದಳು. ಅಮ್ಮ ಸಂಜೆ ಪದ್ಯ ಓದುವಾಗ ಜೊತೆಗೆ ಓದು ಎಂದರೆ ಗಂಟಲು ಸರಿಯಿಲ್ಲ ಎಂದಳು. ಬೆಳಿಗ್ಗೆ ಅದು ಚಿಕ್ಕದಾಗಿರುತ್ತಿತ್ತು, ಸಂಜೆಗೆ ತುಂಬಿಕೊಂಡು ಹಲ್ಲಿಗೆ ಒತ್ತುತ್ತಿತ್ತು. ದಿನ ದಿನ ಬೆಳೀತಿದೆ ಎಂದೇ ಅವಳು ತಿಳಿದಳು. ಆಸ್ಪತ್ರೆಗೆ ಹೋದರೆ ಒಂದು ಚೂರು ಕತ್ತರಿಸುತ್ತಾರೆ, ಅಲ್ಲಿಂದ ಮುಂದಿನದು ಅವಳಿಗೆ ಬಾಯಿಪಾಠ.

ಹಾಗಾದರೆ ತಾನೇ ತೆಗೆದುಬಿಟ್ಟರೆ?

ಆ ಯೋಚನೆ ಎಷ್ಟು ಸಹಜವಾಗಿ ಬಂತೆಂದರೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಆಶ್ಚರ್ಯಪಟ್ಟಳು. ಕಣ್ಣೆದುರಿಗೇ ಸಾಕ್ಷಿ ಓಡಾಡುತ್ತಿತ್ತು, ಮಾಸ್ಟರನ ಕುತ್ತಿಗೆ. ಬುಡಕ್ಕೆ ರೇಷ್ಮೆ ದಾರ, ದಿನಕ್ಕಿಷ್ಟು ಬಿಗಿ, ಒಣಗಿ ಉದುರುವುದು. ಹೊಲಿಗೆಯವಳಲ್ಲದ ಬೇರೆ ಯಾರಿಗೂ ಅಂಥ ಧೈರ್ಯ ಬರುತ್ತಿರಲಿಲ್ಲ, ಅಂಥ ದಡ್ಡತನವೂ.

ಎಲ್ಲರೂ ಊಟಕ್ಕೆ ಇಳಿದ ಹೊತ್ತು ನೋಡಿ ಟ್ರಯಲ್ ರೂಮಿಗೆ ಹೋದಳು. ನಾಲಿಗೆಯನ್ನು ಬಟ್ಟೆಯ ತುಂಡಿನಿಂದ ಹಿಡಿದು ಹೊರಗೆಳೆದು, ಕುಣಿಕೆ ಹಾಕಿದಳು. ದ್ರಾಕ್ಷಿಯ ಬಣ್ಣ ಗಾಢವಾಯಿತು. ದೇವರ ಹೆಸರು ಮನಸ್ಸಿನಲ್ಲೇ ಹೇಳಿಕೊಂಡು ಎರಡೂ ತುದಿಗಳನ್ನು ಜಗ್ಗಿದಳು. ಕಾಜಾದ ದಾರ ಸಣ್ಣದು, ಗಟ್ಟಿಯದು. ಅದು ಬಿಗಿಯಲಿಲ್ಲ, ಕೊಯ್ಯಿತು.

ನೋವು ಅಷ್ಟಿರಲಿಲ್ಲ. ಮೊದಲು ಬಿಸಿ ಅನ್ನಿಸಿತು. ಆಮೇಲೆ ಕನ್ನಡಿಯಲ್ಲಿ ತನ್ನ ಗಲ್ಲ ಕಾಣಲಿಲ್ಲ, ಕುತ್ತಿಗೆ ಕಾಣಲಿಲ್ಲ, ಬರೀ ಕೆಂಪು ಇಳಿಯುತ್ತಿತ್ತು. ಕೂಗಲು ಹೋದರೆ ಗಂಟಲಿಗೇ ಇಳಿದು ಕೆಮ್ಮು ಬಂತು. ಪರದೆ ಹಿಡಿದುಕೊಂಡಳು. ಪರದೆ ಕಂಬಿಯ ಸಮೇತ ಕಳಚಿ ಬಿತ್ತು.

ಆ ಸದ್ದಿಗೆ ಮೆಟ್ಟಿಲು ಹತ್ತಿ ಓಡಿಬಂದವನು ಮಾಸ್ಟರು. ಏನು, ಯಾಕೆ, ಒಂದನ್ನೂ ಕೇಳಲಿಲ್ಲ. ಕೈಗೆ ಸಿಕ್ಕ ಬಿಳಿ ಬಟ್ಟೆ ಸುತ್ತಿ ಅವಳ ಬಾಯೊಳಗಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದ. ನುಂಗಬೇಡ, ಮುಂದಕ್ಕೆ ಬಗ್ಗು, ಎಂದ. ಯಜಮಾನಿಯ ಕಾರಿನ ಹಿಂದಿನ ಸೀಟಿನಲ್ಲಿ, ಅವಳ ತಲೆಯನ್ನು ತನ್ನ ತೋಳಿಗಾನಿಸಿಕೊಂಡು, ದಾರಿಯುದ್ದಕ್ಕೂ ಆ ಬೆರಳನ್ನು ಸಡಿಲಿಸಲಿಲ್ಲ. ಕಾರು ಹಳ್ಳಕ್ಕೆ ಇಳಿದಾಗಲೆಲ್ಲ ಅವಳ ಹಲ್ಲು ಅವನ ಬೆರಳಿಗೆ ಇಳಿಯುತ್ತಿತ್ತು.

ಅವಳು ಕಣ್ಣೆತ್ತಿ ನೋಡಿದಳು. ಅಷ್ಟು ಹತ್ತಿರದಿಂದ ಅವನ ಮುಖವನ್ನು ಯಾವತ್ತೂ ನೋಡಿರಲಿಲ್ಲ. ಅವನ ರೆಪ್ಪೆಯ ಮೇಲೂ ಚಾಕಿನ ಪುಡಿ ಇತ್ತು. ಮುಚ್ಚಿಟ್ಟದ್ದೆಲ್ಲ ಈಗ ಅವನ ಬೆರಳಿನ ಕೆಳಗಿತ್ತು. ಅವನಿಗೆ ಸಿಟ್ಟು ಬಂದಿತ್ತೋ ಭಯವಾಗಿತ್ತೋ ಅವಳಿಗೆ ಓದಲಾಗಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು. ಹೊಲಿಗೆ ಹಾಕಿದರು. ಆಸ್ಪತ್ರೆಯವರೂ ನಮ್ಮ ಕೆಲಸವೇ ಮಾಡ್ತಾರೆ, ಆದ್ರೆ ನಿನ್ನಷ್ಟು ಅಂದವಾಗಿಲ್ಲ ಎಂದು ಮಾಸ್ಟರು ಹೇಳಿದ್ದು, ಅವಳ ಅಮ್ಮ ಬಾಗಿಲಲ್ಲಿ ಕಾಣಿಸಿಕೊಂಡಾಗ ಅರ್ಧಕ್ಕೇ ನಿಂತಿತು. ಅಮ್ಮ ಹಾಸಿಗೆಯ ಹತ್ತಿರ ಬರಲಿಲ್ಲ. ಬಾಯಿಗೆ ಬ್ಯಾಂಡೇಜಿಟ್ಟು ಮಲಗಿದ ಮಗಳನ್ನು ನೋಡಿ, ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಕೆಳಗೆ ಕೂತಳು. ಮತ್ತೆ ಅದೇನಾ ಎಂದೂ ಕೇಳಲಿಲ್ಲ.

ಬಾಯಿ ರೋಗದ ದೊಡ್ಡ ಡಾಕ್ಟರು ಬಂದದ್ದು ಮರುದಿನ. ಕನ್ನಡಕಕ್ಕೆ ಹುರಿ ಕಟ್ಟಿಕೊಂಡ, ಮಧ್ಯವಯಸ್ಸು ದಾಟಿದ ಹೆಂಗಸು. ದಾರ ಕಟ್ಟಿದ್ದು ಯಾರು ಎಂದು ಕೇಳಿದರು. ಅವಳು ತಪ್ಪು ಮಾಡಿದ ಶಾಲೆಯ ಹುಡುಗಿಯಂತೆ ಬೆರಳೆತ್ತಿದಳು. ಮಾಸ್ಟರು ಮುಂದೆ ಬಂದು, ತನ್ನ ನರಹುಲಿಗೂ ಅವಳೇ ಕಟ್ಟಿದ್ದು, ತಾನೇ ಕೂತು ಕಟ್ಟಿಸಿಕೊಂಡದ್ದು, ಬೈಯುವುದಿದ್ದರೆ ತನ್ನನ್ನೂ ಬೈಯಿರಿ ಎಂದ. ಡಾಕ್ಟರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ನರಹುಲಿ ಬೇರೆ, ಇದು ಬೇರೆ. ರಕ್ತ ತುಂಬಿದ ನಲ್ಲಿಯನ್ನ ದಾರದಿಂದ ಕೊಯ್ದಿದ್ದಾರೆ ಇವರು. ನೀವು ಹೊರಗೆ ಕೂತ್ಕೊಳ್ಳಿ."

ಗಾಯ ಮಾಗಲು ಬಿಟ್ಟು, ಕೆಲವು ದಿನ ಕಳೆದು ಪರೀಕ್ಷೆ ನಡೆಯಿತು. ದಾರ ಕೊಯ್ದದ್ದು ಒಂದು ಮಗ್ಗುಲನ್ನು ಮಾತ್ರ, ನೀಲಿ ಹಾಗೇ ಉಳಿದಿತ್ತು. ಡಾಕ್ಟರಮ್ಮ ಅವಳ ಕೈಗೆ ಒಂದು ಪುಟ್ಟ ಕನ್ನಡಿ ಕೊಟ್ಟು, ನೀವೇ ನೋಡ್ತಾ ಇರಿ ಎಂದರು. ಆಮೇಲೆ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ನೀಲಿಯ ಮೇಲಿಟ್ಟು ಮೃದುವಾಗಿ ಒತ್ತಿದರು.

ಗಾಜಿನ ಅಡಿಯಲ್ಲಿ ನೀಲಿ ಮಾಯವಾಯಿತು. ನಾಲಿಗೆಯ ಉಳಿದ ಭಾಗದಂತೆಯೇ ಮಾಸಲು ಗುಲಾಬಿ. ಗಾಜು ತೆಗೆದರು. ಸಂಜೆ ಕೋಣೆಗೆ ಕತ್ತಲು ತುಂಬಿದ ಹಾಗೆ, ಮೂಲೆಯಿಂದ ಮೂಲೆಗೆ ನೀಲಿ ನಿಧಾನವಾಗಿ ವಾಪಸು ಬಂತು. ಮತ್ತೆ ಒತ್ತಿದರು, ಮತ್ತೆ ಹೋಯಿತು. ಬಿಟ್ಟರು, ಬಂತು.

ಇದು ಮಾಂಸ ಬೆಳೆದದ್ದಲ್ಲ, ಒಳಗೆ ನಿಂತ ರಕ್ತ, ಅದಕ್ಕೇ ಒತ್ತಿದರೆ ಸರಿದು ಹೋಗುತ್ತದೆ, ಎಂದು ವಿವರಿಸಿದರು. ತಲೆ ಬಗ್ಗಿಸಿ ಕೂತರೆ ತುಂಬಿಕೊಳ್ಳುತ್ತದೆಯೇ ಎಂದು ಕೇಳಿದರು. ಅವಳು ಬೆಚ್ಚಿ ನೋಡಿದಳು. ದಿನವಿಡೀ ತಲೆ ಬಗ್ಗಿಸುವುದೇ ಅವಳ ಉದ್ಯೋಗ. ಬೆಳಿಗ್ಗೆ ಚಿಕ್ಕದು, ಸಂಜೆ ದೊಡ್ಡದು. ಬೆಳೆಯುತ್ತಿದೆ ಎಂದು ಅವಳು ಹೆದರಿದ್ದು ಬರೀ ಬಗ್ಗಿದ ಕುತ್ತಿಗೆಯ ಲೆಕ್ಕಕ್ಕೆ. ಡಾಕ್ಟರಮ್ಮ ಕೈಗವಸಿನ ಬೆರಳಿನಿಂದ ಅದನ್ನು ಹಿಂಡಿ ನೋಡಿ, ಒಳಗೆ ಮಣಿಯಂತೆ ಗಟ್ಟಿ ಕಾಳು ಸಿಗುತ್ತಿದೆ ಎಂದರು. ರಕ್ತ ನಿಂತು ನಿಂತು ಕಲ್ಲಾದದ್ದು, ಇಂಥ ಕಡೆ ಸಾಮಾನ್ಯ. ಆಮೇಲೆ ರಕ್ತದ ಓಟ ಕೇಳುವ ಯಂತ್ರ ಹಚ್ಚಿದರು. ಜೋರಾಗಿ ಓಡುವ ನಾಳವಾದರೆ ಗಿರಣಿಯ ಹಾಗೆ ಸದ್ದು ಬರುತ್ತದಂತೆ. ಇವಳದರಲ್ಲಿ ಹೆಚ್ಚು ಕಡಿಮೆ ನಿಶ್ಶಬ್ದ.

"ಅಪ್ಪನದ್ದು... ಅದಲ್ವಾ?" ಇನ್ನೂ ತೊದಲುವ ನಾಲಿಗೆಯಲ್ಲಿ ಅವಳು ಕೇಳಿದಳು.

"ಅಲ್ಲ. ಕ್ಯಾನ್ಸರ್ ಅಲ್ಲ ಇದು, ಆಗೋದೂ ಇಲ್ಲ. ನೀವು ಹುಟ್ಟುವಾಗ ನಿಮ್ಮ ಜೊತೆಗೇ ಹುಟ್ಟಿದ ನಾಳಗಳು, ಅಡ್ಡಾದಿಡ್ಡಿ ಹೆಣೆದುಕೊಂಡಿವೆ ಅಷ್ಟೆ. ಇದಕ್ಕೆ ಚೂರು ಕತ್ತರಿಸಿ ಪರೀಕ್ಷೆ ಮಾಡೋದೂ ಬೇಕಿಲ್ಲ. ಮಾಡಲೂಬಾರದು."

ಅವಳು ಅಳಲಿಲ್ಲ, ನಗಲಿಲ್ಲ. ಕನ್ನಡಿಯನ್ನು ಮಡಿಲಲ್ಲಿ ಕವುಚಿ ಇಟ್ಟಳು. ಸಾಯಲು ಎಲ್ಲ ತಯಾರಿ ಮಾಡಿಕೊಂಡವಳಿಗೆ ಬದುಕಲು ಒಂದು ತಯಾರಿಯೂ ಇರಲಿಲ್ಲ. ಸಾಯುವವಳು ಆಡಿದ ಆ ಸುಳ್ಳನ್ನು ಬದುಕುವವಳು ಈಗ ಎಲ್ಲಿಡಬೇಕು?

ಆದರೆ ಸಮಾಧಾನಕ್ಕೆ ಆಯುಷ್ಯ ಹೆಚ್ಚಿರಲಿಲ್ಲ. ಸ್ಕ್ಯಾನ್ ಆಯಿತು. ಕಪ್ಪು ಬಿಳುಪು ಚಿತ್ರವನ್ನು ಬೆಳಕಿಗೆ ಹಿಡಿದು ಡಾಕ್ಟರಮ್ಮ ಬೆರಳಿನಿಂದ ತೋರಿಸಿದರು. ಹೊರಗೆ ಕಾಣುವ ದ್ರಾಕ್ಷಿ ತುದಿ ಮಾತ್ರ. ಒಳಗೆ ಅದು ನಾಲಿಗೆಯ ಬುಡದವರೆಗೆ, ಗಂಟಲ ಹತ್ತಿರದವರೆಗೆ ಹರಡಿತ್ತು. ಪೂರ್ತಿ ತೆಗೆಯುವುದು ಎಂದರೆ ನಾಲಿಗೆಯನ್ನೇ ತೆಗೆಯುವುದು, ಅದು ಬೇಡ. ಔಷಧಿ ಚುಚ್ಚಿ ನಾಳಗಳನ್ನು ಸ್ವಲ್ಪ ಸ್ವಲ್ಪವಾಗಿ ಮುದುಡಿಸಬಹುದು. ಒಂದೇ ಸಲಕ್ಕೆ ಮುಗಿಯುವುದಲ್ಲ, ವರ್ಷಗಳ ಕೆಲಸ. ಪ್ರತಿ ಸಲವೂ ನಾಲಿಗೆ ಊದುತ್ತದೆ, ಕೆಲವು ದಿನ ಮಾತು ಊಟ ಎರಡೂ ಕಷ್ಟ, ಉಸಿರಿಗೆ ತೊಂದರೆಯಾದೀತೆಂದು ವಾರ್ಡಿನಲ್ಲೇ ಇರಬೇಕು. ಪೆಟ್ಟಾದರೆ ಮತ್ತೆ ರಕ್ತ. ಪಿನ್ನು ಬಾಯಿಗೆ ಇಡಲೇಬಾರದು. ಮದುವೆಯಾಗಿ ಬಸುರಾದರೆ ಅದೂ ತುಂಬಿಕೊಳ್ಳಬಹುದು, ಆಗ ಹತ್ತಿರದಿಂದ ಕಣ್ಣಿಡಬೇಕಾಗುತ್ತದೆ.

ಕೊಲ್ಲುವ ಜಾತಿಯದಲ್ಲ, ಬಿಟ್ಟು ಹೋಗುವ ಜಾತಿಯದೂ ಅಲ್ಲ. ಅವಳ ಮಟ್ಟಿಗೆ ತೀರ್ಪು ಅಷ್ಟೇ.

ಕಾರಿಡಾರಿನ ಬೆಂಚಿನಲ್ಲಿ ಮಾಸ್ಟರು ಕಾದಿದ್ದ. ಅವಳು ಕ್ಯಾನ್ಸರ್ ಅಲ್ಲವಂತೆ ಎಂದಾಗ ಎದ್ದು ನಿಂತವನು ಹಾಗೇ ಕೂತುಬಿಟ್ಟ. ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಬೆನ್ನು ಅಲುಗುತ್ತಿತ್ತು. ಅವಳಿಗೆ ಆ ಬೆನ್ನಿನ ಮೇಲೆ ಕೈ ಇಡಬೇಕೆನ್ನಿಸಿತು. ಇಡಲಿಲ್ಲ. ಉಳಿದದ್ದನ್ನೂ ಹೇಳಿದಳು, ಗಂಟಲವರೆಗಿನದು, ವರ್ಷಗಳದು, ಬಸುರಿನದು. ಮುಚ್ಚಿಡಲು ಇನ್ನೇನೂ ಉಳಿಯದ ಹಾಗೆ.

ಅವನು ಮುಖ ಒರೆಸಿಕೊಂಡ.

"ಅವತ್ತು ನೀನು ಹೇಳಿದ್ದು, ಇದಕ್ಕೋಸ್ಕರವಾ?"

ಅವಳು ತಲೆ ತಗ್ಗಿಸಿದಳು.

"ಆ ಕಾರ್ಖಾನೆಯವರಿಗೆ ಕೆಲಸಕ್ಕೆ ಬರ್ತೀನಿ ಅಂದಿದ್ದೀನಿ. ನೀನು ಇರಿ ಅಂದ್ರೆ ಇರ್ತೀನಿ. ನಾನಾಗಿ ಇನ್ನೊಂದು ಸಲ ಕೇಳಲ್ಲ. ಅವತ್ತು ಬೆನ್ನು ತಿರುಗಿಸ್ಕೊಂಡು ಕೇಳಿದೆ, ಅದು ನನ್ನ ಹೇಡಿತನ. ಈಗ ಎದುರಿಗೇ ಕೂತಿದ್ದೀನಿ. ಹೇಳೋದು ನಿನಗೆ ಬಿಟ್ಟಿದ್ದು."

ಅವಳು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ಔಷಧಿ ಹಿಡಿದು ಕಾರಿಡಾರಿನ ತುದಿಯಲ್ಲಿ ಕಾಣಿಸಿದಳು. ಆ ನಡಿಗೆ ನೋಡುತ್ತಲೇ ಬಂದ ಮಾತು ಒಳಗಿಳಿಯಿತು. ಅಪ್ಪನ ಕೊನೆಯ ವರ್ಷ ಅಮ್ಮನ ಕಾಲು ಕಲಿತ ನಡಿಗೆ ಅದು, ಸದ್ದಾಗದಂತೆ, ಗೋಡೆಯ ಪಕ್ಕದಲ್ಲೇ.

ಮೊದಲ ಇಂಜೆಕ್ಷನ್ ಆದದ್ದು ತಿಂಗಳ ಕೊನೆಗೆ. ಎಚ್ಚರವಾದಾಗ ಬಾಯಲ್ಲಿ ತನ್ನದಲ್ಲದ ಏನನ್ನೋ ತುರುಕಿದ ಹಾಗಿತ್ತು. ನಾಲಿಗೆ ಊದಿ ಹಲ್ಲಿನ ಸಾಲು ದಾಟಿ ಬಂದಿತ್ತು. ಮೂಗಿನಿಂದಲೇ ಉಸಿರು. ಜೊಲ್ಲು ತುಟಿಯ ಮೂಲೆಯಿಂದ ಇಳಿಯುತ್ತಿದ್ದರೆ ಒರೆಸಿಕೊಳ್ಳಲೂ ಕೈಗೆ ಚೈತನ್ಯವಿರಲಿಲ್ಲ. ಯಾರೋ ಒರೆಸುತ್ತಿದ್ದರು. ಅಮ್ಮ ಎಂದುಕೊಂಡಳು. ಕಣ್ಣು ತೆರೆದರೆ ಮಾಸ್ಟರು. ಹಾಸಿಗೆಯ ಎದುರಿನ ಬೆಂಚಿನ ಕೆಳಗೆ ಅವನ ಚೀಲ ಇತ್ತು, ಸಂಜೆಯ ರೈಲಿಗೆ ಹೊರಟವನ ಚೀಲ. ಅವನು ಏನೂ ಕೇಳಲಿಲ್ಲ. ಮಂಜುಗಡ್ಡೆ ತರುತ್ತೇನೆಂದು ಬಟ್ಟಲು ಹಿಡಿದು ಹೊರಗೆ ಹೋದ.

ಅಮ್ಮ ಹಾಸಿಗೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಇಷ್ಟು ದಿನ ಏನನ್ನೂ ಹೇಳದ ಅಮ್ಮ, ಪದ್ಯ ಓದುವಾಗಿನ ಸಣ್ಣ ಸ್ಥಿರ ದನಿಯಲ್ಲಿ ಮಾತಾಡಿದಳು.

"ಅವನು ಒಳ್ಳೆಯವನು ಕಣೇ. ನಾನು ನೋಡಿದ್ದೀನಿ. ಅದಕ್ಕೇ ಹೇಳ್ತಿದ್ದೀನಿ, ಕಳಿಸಿಬಿಡು."

ಅವಳು ಅಮ್ಮನ ಕಡೆ ತಲೆ ಹೊರಳಿಸಿದಳು.

"ನಿಮ್ಮಪ್ಪನ ಮೇಲೆ ನನಗೆ ಎಷ್ಟು ಜೀವ ಇತ್ತು ಅಂತ ದೇವರಿಗೆ ಗೊತ್ತು. ಒರೆಸ್ದೆ, ತೊಳೆದೆ, ಬೇಸರ ಮಾಡ್ಕೊಳ್ಳಲಿಲ್ಲ. ಆದ್ರೆ ಕೊನೆಕೊನೆಗೆ ಒಂದು ದಿನ ಬೋಗುಣಿ ಹಿಡ್ಕೊಂಡು ನಿಂತಿದ್ದಾಗ, ಇವರು ಯಾವಾಗ ಹೋಗ್ತಾರೋ ಅನ್ನಿಸಿಬಿಡ್ತು. ಅವರು ನನ್ನ ಮುಖ ನೋಡಿದ್ರು. ಅವರಿಗೆ ಗೊತ್ತಾಯ್ತು." ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಆಮೇಲೆ ನಾನು ಎಷ್ಟು ಓದಿದ್ರೂ ಅವರು ತುಟಿ ಆಡಿಸಲಿಲ್ಲ. ನಿಂದು ಸಾಯೋ ಕಾಯಿಲೆ ಅಲ್ಲ, ಒಪ್ಪಿದೆ. ಆದ್ರೆ ಇದು ಮುಗಿಯೋದೂ ಇಲ್ಲ. ಆ ಯೋಚನೆ ಒಂದಲ್ಲ ಒಂದು ದಿನ ಅವನಿಗೂ ಬರುತ್ತೆ. ಅವನಿಗೆ ಬರೋದು ಬೇಡ. ಅವನ ಮುಖದಲ್ಲಿ ಅದನ್ನ ನೀನು ನೋಡೋದೂ ಬೇಡ."

ಅಮ್ಮ ಅತ್ತಿದ್ದರೆ ಸಹಿಸಬಹುದಿತ್ತು. ಅಮ್ಮ ಅಳಲಿಲ್ಲ. ಅವಳ ಕೈ ತೆಗೆದುಕೊಂಡು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ಆ ಕೈಗಳು ಸೋಪು ತಿಂದು ಬಿರುಕು ಬಿಟ್ಟದ್ದು ಇನ್ನೂ ಕೂಡಿರಲಿಲ್ಲ.

ಅಮ್ಮ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಇಷ್ಟು ಕಾಲ ಅವಳು ತನಗೆ ತಾನೇ ಹೇಳಿಕೊಂಡದ್ದೂ ಅದನ್ನೇ. ಬರುವ ವರ್ಷಗಳು ಅವಳ ಕಣ್ಣಿಗೆ ಕಂಡವು: ಊದುವ ದಿನಗಳು, ಇಳಿಯುವ ದಿನಗಳು, ದಿಂಬಿನ ಮೇಲೆ ರಕ್ತ, ಒಂದು ಬಳಲಿದ ಮಧ್ಯಾಹ್ನ ಅವನ ಮುಖದಲ್ಲಿ ಹಾದುಹೋಗಬಹುದಾದ ಆ ನೆರಳು. ಬರಬಹುದು. ಆದರೆ ಅದು ಬರುವ ಮುಂಚೆಯೇ ಅವನಿಗೆ ಬಾಗಿಲು ಹಾಕಿ, ಬಾರದಿದ್ದ ನೆರಳಿಗೆ ತಾನೇ ಶಿಕ್ಷೆ ಕೊಟ್ಟಿದ್ದಳಲ್ಲ. ಅಮ್ಮನ ಆ ಒಂದು ಕ್ಷಣದ ಹಿಂದೆ ಅದೆಷ್ಟು ಸಂಜೆಗಳಿದ್ದವು, ಗೋಡೆಗೆ ಒರಗಿ ಅವಳೇ ಕೂತು ಕೇಳಿದ ಸಂಜೆಗಳು. ಅಪ್ಪ ಒಬ್ಬರೇ ಇದ್ದಿದ್ದರೆ ಆ ಪದ್ಯವನ್ನು ಯಾರು ಓದುತ್ತಿದ್ದರು?

ಹಾಸಿಗೆಯ ಸುತ್ತಲಿನ ಪರದೆ ಸರಿಯಿತು. ಮಾಸ್ಟರು ಮಂಜುಗಡ್ಡೆಯ ಬಟ್ಟಲು ಹಿಡಿದು ಬಂದ. ತಾಯಿ ಮಗಳ ಮುಖ ನೋಡಿ ಅಲ್ಲೇ ನಿಂತ. ಒಳಗೆ ಬರಲೋ ಬೇಡವೋ ಎಂದು ಕೇಳುವ ಕಣ್ಣು. ಗಡಿಯಾರ ನೋಡಿದ, ಬೆಂಚಿನ ಕೆಳಗಿನ ಚೀಲ ನೋಡಿದ, ಕೊನೆಗೆ ಅವಳನ್ನು ನೋಡಿದ. ಅವಳ ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿತ್ತು. ಅವಳು ಮುಖ ತಿರುಗಿಸಿಕೊಳ್ಳಲಿಲ್ಲ.

ಅಮ್ಮ ಬಗ್ಗಿ ಅವಳ ಕಿವಿಯಲ್ಲಿ ಮತ್ತೆ ಹೇಳಿದಳು, ಬೇಡಿಕೊಳ್ಳುವ ಹಾಗೆ. "ನಿನಗೆ ಮಾತಾಡೋಕೆ ಆಗಲ್ಲ, ಗೊತ್ತು. ಬರೀ ಕೈ ಬೀಸು, ಹೋಗು ಅಂತ. ಅವನು ಅರ್ಥ ಮಾಡ್ಕೊಳ್ತಾನೆ. ನನಗೋಸ್ಕರ, ಪುಟ್ಟಿ."

ಅವಳು ಕೈಯೂರಿ ಎದ್ದು ಕೂತಳು. ತಲೆ ತಿರುಗಿತು. ಬಾಯಿ ತೆರೆದರೆ ಊದಿದ ನಾಲಿಗೆ ಕಲ್ಲಿನ ಹಾಗೆ ಅಲುಗದೆ ನಿಂತಿತು. ಅವಳು ಅದನ್ನು ಎತ್ತಿದಳು. ಅಕ್ಷರಗಳು ಒಂದಕ್ಕೊಂದು ಮೆತ್ತಿಕೊಂಡು, ತೊದಲಿ, ಒದ್ದೆಯಾಗಿ ಹೊರಬಿದ್ದವು. ಆದರೂ ಪರದೆಯ ಹತ್ತಿರ ನಿಂತವನಿಗೂ ಕೇಳಿಸುವಷ್ಟು ಗಟ್ಟಿಯಾಗಿದ್ದವು.

"ಇಲ್ಲ, ಅಮ್ಮ. ನಾನು ಇವರನ್ನ ಕಳಿಸಲ್ಲ."